ಒಂದೇ ಕರೆಂಟು, ಬೇರೆ ಬೇರೆ ಬಾಯಿಹುಣ್ಣು

ಚಾಮರಾಜನಗರದ ಬಳಿಯ ಉಮ್ಮತ್ತೂರಿನಿಂದ ಇಬ್ಬರು ಬಾಯಿ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯಲು ಹೋದರು ಅಂದುಕೊಳ್ಳಿ. ಇಬ್ಬರಿಗೂ ಎಲೆ, ಅಡಿಕೆ, ಹೊಗೆಸೊಪ್ಪಿನ ಚಟ. ಇಬ್ಬರದೂ ಒಂದೇ ಹಂತದ ಕಾಯಿಲೆ. ವಾರಕ್ಕೆ ಐದು ದಿನದಂತೆ ಆರೇಳು ವಾರ, ಅಷ್ಟೇ ಪ್ರಮಾಣದ ವಿಕಿರಣ. ಜನರ ಮಾತಿನಲ್ಲಿ ಹೇಳುವುದಾದರೆ 'ಕರೆಂಟು ಇಡಿಸಿಕೊಂಡರು'. ಮೂರನೇ ವಾರಕ್ಕೆ ಒಬ್ಬರು ಮುದ್ದೆ, ಉಪ್ಸಾರು ಬಿಟ್ಟು ಮೊಸರನ್ನಕ್ಕೆ ಬಂದರೆ, ಇನ್ನೊಬ್ಬರಿಗೆ ಎಳನೀರೂ ಗಂಟಲಲ್ಲಿ ಇಳಿಯದು. ಯಾಕೆ ಹೀಗೆ?

ವಿಕಿರಣ ಜೀವಕೋಶದ ಡಿಎನ್‌ಎ ಎಳೆಗಳನ್ನು ಕತ್ತರಿಸುತ್ತದೆ. ಕ್ಯಾನ್ಸರ್ ಕೋಶಗಳು ಸಾಯುವುದೇ ಹೀಗೆ. ಪಕ್ಕದ ಆರೋಗ್ಯವಂತ ಕೋಶಗಳಿಗೂ ಏಟು ಬೀಳುತ್ತದೆ, ಆದರೆ ಅವು ತುಂಡಾದದ್ದನ್ನು ಬೆಸೆದುಕೊಳ್ಳುತ್ತವೆ. ಈ ರಿಪೇರಿಯ ಸಾಮಾನು ಹುಟ್ಟಿನಿಂದ ಬಂದದ್ದು. ಎಲ್ಲರದೂ ಒಂದೇ ಸಮ ಇರುವುದಿಲ್ಲ. ಅಪಾಯದ ಗಂಟೆ ಬಾರಿಸುವ ಎಟಿಎಂ ಎಂಬ ಜೀನನ್ನು 1995ರಲ್ಲಿ ಗುರುತಿಸಲಾಯಿತು. ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದ ಅಪರೂಪದ ಮಕ್ಕಳಿಗೆ ಮಾಮೂಲಿ ಪ್ರಮಾಣದ ವಿಕಿರಣವೂ ಪ್ರಾಣಾಪಾಯ. ಉಳಿದವರಲ್ಲಿ ಹಲವು ಜೀನುಗಳ ಸಣ್ಣಪುಟ್ಟ ವ್ಯತ್ಯಾಸಗಳು ಸೇರಿ ಕೆಲಸ ಮಾಡುತ್ತವೆ.

ಇದನ್ನು ನಮ್ಮಲ್ಲೇ, ಮಣಿಪಾಲದಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಸ್ತನ ಕ್ಯಾನ್ಸರ್ ರೋಗಿಗಳ ರಕ್ತದ ಬಿಳಿಕಣಗಳಿಗೆ ಪ್ರಯೋಗಾಲಯದಲ್ಲಿ ವಿಕಿರಣ ಹಾಯಿಸಿದರು. ಡಿಎನ್‌ಎ ತುಂಡಾದ ಕಡೆಯೆಲ್ಲ ಒಂದೊಂದು ಹೊಳೆಯುವ ಚುಕ್ಕೆ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಬೆಸುಗೆಯಾದಂತೆ ಚುಕ್ಕೆಗಳು ಆರುತ್ತವೆ. ಚಿಕಿತ್ಸೆಯ ವೇಳೆ ಚರ್ಮ ಹೆಚ್ಚು ಬೆಂದವರ ಕಣಗಳಲ್ಲಿ ಗಂಟೆಗಳು ಕಳೆದರೂ ಹೆಚ್ಚು ಚುಕ್ಕೆಗಳು ಉಳಿದಿದ್ದವು. 2014ರಲ್ಲಿ ಪ್ರಕಟವಾದ ಅಲ್ಲಿನ ಇನ್ನೊಂದು ಅಧ್ಯಯನದಲ್ಲಿ, ತಲೆ ಮತ್ತು ಕುತ್ತಿಗೆ ಕ್ಯಾನ್ಸರ್ ರೋಗಿಗಳ ತೀವ್ರ ಬಾಯಿಹುಣ್ಣಿಗೂ ರಿಪೇರಿ ಕೆಲಸದ ಎನ್‌ಬಿಎನ್ ಜೀನಿನ ಒಂದು ರೂಪಕ್ಕೂ ನಂಟು ಕಂಡಿತು.

ಹಾಗೆಂದು ಎಲ್ಲವೂ ಜೀನಿನ ಮೇಲೆ ನಿಂತಿಲ್ಲ. ಎಷ್ಟು ಜಾಗಕ್ಕೆ ವಿಕಿರಣ ಬಿತ್ತು, ಜೊತೆಗೆ ಕೀಮೋ ಇತ್ತೇ, ಹೊಗೆಸೊಪ್ಪು ಬಿಟ್ಟರೇ, ಬಾಯಿ ಶುಚಿಯಾಗಿದೆಯೇ ಎಂಬುದೂ ಲೆಕ್ಕಕ್ಕೆ ಬರುತ್ತದೆ. ರಕ್ತ ನೋಡಿ ಪ್ರತಿಯೊಬ್ಬರ ಡೋಸ್ ನಿಗದಿ ಮಾಡುವ ಪದ್ಧತಿ ಇನ್ನೂ ಆಸ್ಪತ್ರೆಯ ದಿನಚರಿಗೆ ಬಂದಿಲ್ಲ. ಬಂದರೆ ನಾಜೂಕು ದೇಹದವರನ್ನು ಮೊದಲೇ ಕಾಪಾಡಬಹುದು.

ಅಲ್ಲಿಯವರೆಗೆ ಜಗಲಿಕಟ್ಟೆಯ ಮಾತಿನ ಬಗ್ಗೆ ಎಚ್ಚರ ಬೇಕು. 'ಅವರಿಗೆ ಬಾಯೆಲ್ಲ ಬೆಂದುಹೋಯ್ತಂತೆ, ನಾನೊಲ್ಲೆ' ಎಂದು ಅರ್ಧಕ್ಕೇ ಬಸ್ಸು ಹತ್ತಿ ಬಂದರೆ ಗೆಡ್ಡೆಗೆ ಮತ್ತೆ ಬೆಳೆಯಲು ಪುರುಸೊತ್ತು ಸಿಗುತ್ತದೆ. ಹುಣ್ಣಾದರೋ, ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ಮಾಯುತ್ತದೆ. ಬೆಂದದ್ದು ಪಕ್ಕದ ಮನೆಯವರ ಬಾಯಿ. ಬೆಸುಗೆ ಹಾಕಬೇಕಾದ್ದು ನಿಮ್ಮ ಕೋಶ.