ತೋಟದ ಮನೆ ವೈರಿನ ಜಾಯಿಂಟ್: ಬರೀ ಟೇಪ್ ಸುತ್ತಿದರೆ ಸಾಲದು

ಈ ವಾರ ಗೊಬ್ಬರದ ಮಾತಲ್ಲ, ವೈರಿನ ಮಾತು. ಹುಲ್ಲಹಳ್ಳಿಯಲ್ಲಿ ಮಳೆ ಹಿಡಿಯಿತೆಂದರೆ ನಾನು ಬಾಳೆಗಿಂತ ಮೊದಲು ನೋಡೋದು ಶೆಡ್ಡಿನ ವೈರು. ಜೀವಾಮೃತ ಕಲೆಸುವ ಜಾಗದಲ್ಲಿ ನೆಲ ಸದಾ ಒದ್ದೆ, ನಾವೋ ಬರಿಗಾಲು. ಅಲ್ಲೊಂದು ಸಡಿಲ ಜಾಯಿಂಟ್ ಇದ್ದರೆ ಜೀವಕ್ಕೇ ಕುತ್ತು.

ಜಾಯಿಂಟ್ ಯಾಕೆ ಸುಡುತ್ತೆ? ತಂತಿಗೆ ತಂತಿ ಬಿಗಿಯಾಗಿ ಕೂರದಿದ್ದರೆ ಅಲ್ಲಿ ಕರೆಂಟಿಗೆ ತಡೆ ಹೆಚ್ಚುತ್ತೆ. ಅರ್ಧ ಓಮ್ ತಡೆ ಇರುವ ಕಡೆ 10 ಆಂಪಿಯರ್ ಹರಿದರೆ 50 ವ್ಯಾಟ್ ಬಿಸಿ. ಅಂದರೆ 25 ವ್ಯಾಟಿನ ಸೋಲ್ಡರಿಂಗ್ ಕಡ್ಡಿಯ ಎರಡರಷ್ಟು! ಕರೆಂಟ್ ಮಿತಿ ಮೀರದ ಕಾರಣ ಎಂಸಿಬಿ ಬೀಳೋದೇ ಇಲ್ಲ.

ಸಣ್ಣ ಜಾಯಿಂಟ್ ಹಾಕುವಾಗ ಈ ಕ್ರಮ ಬಿಡಬೇಡಿ:

1. ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಳ್ಳಿ. ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಿ. ‘ಹೇಗೂ ಕರೆಂಟ್ ಹೋಗಿದೆಯಲ್ಲ’ ಅಂತ ಕೈ ಹಾಕಬೇಡಿ.

2. ಟೆಸ್ಟರನ್ನು ಮೊದಲು ಕರೆಂಟ್ ಇರುವ ಪಾಯಿಂಟಿನಲ್ಲಿ ಪರೀಕ್ಷಿಸಿ, ಆಮೇಲೆ ವೈರಿಗೆ ಹಿಡಿಯಿರಿ. ಕೆಟ್ಟ ಟೆಸ್ಟರ್ ಎಲ್ಲ ಕಡೆಯೂ ‘ಕರೆಂಟ್ ಇಲ್ಲ’ ಅಂತಲೇ ತೋರಿಸುತ್ತೆ.

3. ಎಳೆ ತುಂಡಾಗದಂತೆ ಮೇಲಿನ ಸಿಪ್ಪೆ ಬಿಡಿಸಿ. ಸ್ಕ್ರೂ ಕನೆಕ್ಟರಿನಲ್ಲಿ ಬಿಗಿ ಮಾಡಿ, ಎಳೆದು ನೋಡಿ. ಜಾರಿದರೆ ಮತ್ತೆ ಮಾಡಿ.

4. ಜಾಯಿಂಟ್ ಜಂಕ್ಷನ್ ಬಾಕ್ಸಿನೊಳಗೇ ಇರಲಿ. ಪೈಪಿನೊಳಗೆ ಹೋದ ಜಾಯಿಂಟ್ ಕಣ್ಣಿಗೂ ಕಾಣಲ್ಲ, ಕೈಗೂ ಸಿಗಲ್ಲ.

5. ತಾಮ್ರವನ್ನೂ ಅಲ್ಯೂಮಿನಿಯಮ್ಮನ್ನೂ ನೇರ ಹೆಣೆಯಬೇಡಿ. ತೇವ ತಗುಲಿದರೆ ಆ ಜಾಗ ಸವೆದು ಸಡಿಲವಾಗುತ್ತೆ.

6. ಹಸಿರು ಅರ್ಥ್ ವೈರನ್ನೂ ತಪ್ಪದೆ ಸೇರಿಸಿ. ‘ಅದಿಲ್ಲದೆಯೂ ಬಲ್ಬ್ ಉರಿಯುತ್ತಲ್ಲ’ ಅಂತ ಬಿಟ್ಟರೆ, ಮೋಟಾರಿನ ಮೈಗೆ ಕರೆಂಟ್ ಬಂದಾಗ ಮುಟ್ಟಿದವರ ಮೈಯೇ ದಾರಿಯಾಗುತ್ತೆ.

ಇಷ್ಟಾದ ಮೇಲೂ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಎಂಸಿಬಿ ಕಾಯೋದು ವೈರನ್ನು, ಇದು ಕಾಯೋದು ಮನುಷ್ಯರನ್ನು. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ.

ಹೊಸ ವೈರಿಂಗ್, ಪಂಪ್‌ಸೆಟ್ ಪ್ಯಾನಲ್ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ಕಂಬದಿಂದ ಮೀಟರಿನವರೆಗಿನ ವೈರನ್ನಂತೂ ಮುಟ್ಟಲೇಬೇಡಿ. ಚೆಸ್ಕಾಂಗೆ 1912ಕ್ಕೆ ಫೋನ್ ಮಾಡಿ.

ಯಾರಿಗಾದರೂ ಶಾಕ್ ಹೊಡೆದರೆ ಓಡಿಹೋಗಿ ಕೈ ಹಿಡಿಯಬೇಡಿ. ಮೊದಲು ಮೇನ್ ಆಫ್. ಹಾಗಾಗಿ ಮೇನ್ ಸ್ವಿಚ್ ಎಲ್ಲಿದೆ ಅಂತ ಮನೆಯ ಮಕ್ಕಳಿಗೂ ಅಜ್ಜಿಗೂ ಇವತ್ತೇ ತೋರಿಸಿಡಿ.