ರೊಸ್ಸಿಯ 432 ರೇಸ್: 227ರ ಲೆಕ್ಕ ಬೇರೆ, 205ರ ಲೆಕ್ಕ ಬೇರೆ

ಇಟಲಿಯ ವ್ಯಾಲೆಂಟಿನೊ ರೊಸ್ಸಿ 1996ರಿಂದ 2021ರವರೆಗೆ 26 ಋತು ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೈಕ್ ಓಡಿಸಿದರು. 432 ರೇಸ್, 115 ಗೆಲುವು, 235 ಪೋಡಿಯಂ, 9 ವಿಶ್ವ ಪ್ರಶಸ್ತಿ. ಅವರ ಹೆಸರು ಬಂದಲ್ಲೆಲ್ಲ ಈ ನಾಲ್ಕು ಸಂಖ್ಯೆಗಳೂ ಬೆನ್ನಿಗೇ ಬರುತ್ತವೆ. ಮೊತ್ತದಲ್ಲಿ ತಪ್ಪಿಲ್ಲ. ಆದರೆ 2009ರ ಕೊನೆಗೆ ಒಂದು ಗೆರೆ ಎಳೆದು ಲೆಕ್ಕವನ್ನು ಎರಡು ಮಾಡಿದರೆ ಅದೇ ಮನುಷ್ಯ ಬೇರೆಯಾಗಿ ಕಾಣುತ್ತಾರೆ.

ಮೊದಲ 14 ಋತುಗಳಲ್ಲಿ 227 ರೇಸ್, 103 ಗೆಲುವು. ಅಂದರೆ ಶೇ 45. ಒಂಬತ್ತೂ ಪ್ರಶಸ್ತಿಗಳು ಬಂದದ್ದು ಆಗಲೇ. ನಂತರದ 12 ಋತುಗಳಲ್ಲಿ 205 ರೇಸ್, ಗೆಲುವು ಬರೀ 12. ಶೇ 6 ಕೂಡ ತುಂಬುವುದಿಲ್ಲ. ಪ್ರಶಸ್ತಿ ಒಂದೂ ಇಲ್ಲ.

ಮೊದಲ ಭಾಗದ ಅಂಕಿಗಳು ಇಂದಿಗೂ ನಂಬಲು ಕಷ್ಟ. 1997ರಲ್ಲಿ 125 ಸಿಸಿ ವಿಭಾಗದ 15 ರೇಸ್‌ಗಳಲ್ಲಿ 11 ಗೆದ್ದು ಚಾಂಪಿಯನ್. 1999ರಲ್ಲಿ 250 ಸಿಸಿ. 2001ರಲ್ಲಿ ಹೋಂಡಾ ಬೈಕಿನಲ್ಲಿ 500 ಸಿಸಿ. 2002ರಲ್ಲಿ ಟೂ-ಸ್ಟ್ರೋಕ್ ಕಾಲ ಸರಿದು 990 ಸಿಸಿಯ ಫೋರ್-ಸ್ಟ್ರೋಕ್ ಯಂತ್ರಗಳು ಬಂದು, ಪಂದ್ಯಕ್ಕೆ ಮೋಟೊಜಿಪಿ ಎಂಬ ಹೊಸ ಹೆಸರು ಬಿತ್ತು. ರೊಸ್ಸಿ ಅದನ್ನೂ ಗೆದ್ದರು. ಈ ನಾಲ್ಕೂ ವಿಭಾಗಗಳ ಪ್ರಶಸ್ತಿ ಗೆದ್ದವರು ಅವರೊಬ್ಬರೇ. 2001ರಿಂದ 2005ರ ತನಕ ಅಗ್ರ ವಿಭಾಗದಲ್ಲಿ, ಅಂದರೆ 500 ಸಿಸಿ ಮತ್ತು ನಂತರದ ಮೋಟೊಜಿಪಿಯಲ್ಲಿ, ನಡೆದದ್ದು 81 ರೇಸ್, 51 ಅವರದ್ದು. 2003ರಲ್ಲಿ ಆಸ್ಟ್ರೇಲಿಯಾದ ಫಿಲಿಪ್ ಐಲ್ಯಾಂಡ್‌ನಲ್ಲಿ ಹಳದಿ ಬಾವುಟ ಇರುವಾಗ ಓವರ್‌ಟೇಕ್ ಮಾಡಿದ್ದಕ್ಕೆ 10 ಸೆಕೆಂಡು ದಂಡ ಬಿತ್ತು. ಅವರು 15 ಸೆಕೆಂಡು ಮುಂದೆ ಗುರಿ ಮುಟ್ಟಿ, ದಂಡ ಕಳೆದ ಮೇಲೂ 5 ಸೆಕೆಂಡಿನಿಂದ ಗೆದ್ದರು.

ಆ ವರ್ಷ ಮುಗಿಯುತ್ತಿದ್ದಂತೆ ಹೋಂಡಾ ಬಿಟ್ಟು ಯಮಾಹಾಕ್ಕೆ ಹೋದರು. 2003ರಲ್ಲಿ ಯಮಾಹಾದ ಗೆಲುವು ಸೊನ್ನೆ, ಪೋಡಿಯಂ ಒಂದೇ ಒಂದು. 2004ರ ಮೊದಲ ರೇಸ್ ದಕ್ಷಿಣ ಆಫ್ರಿಕಾದ ವೆಲ್ಕಂನಲ್ಲಿ. ಮ್ಯಾಕ್ಸ್ ಬಿಯಾಜಿ ಅವರನ್ನು 0.210 ಸೆಕೆಂಡಿನಿಂದ ಹಿಂದಿಕ್ಕಿ ರೊಸ್ಸಿ ಗೆದ್ದರು. ಆ ಋತುವಿನಲ್ಲಿ 16ರಲ್ಲಿ 9 ಗೆದ್ದು ಪ್ರಶಸ್ತಿಯನ್ನೂ ತಂದರು. ‘ಗೆಲ್ಲುವುದು ಬೈಕೋ ಸವಾರನೋ’ ಎಂಬ ಹಳೆಯ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನನಗೆ ಗೊತ್ತಿಲ್ಲ. 2004ರಿಂದ 2010ರವರೆಗೆ ಯಮಾಹಾದಲ್ಲಿ ಅವರು ಗೆದ್ದ ರೇಸ್‌ಗಳನ್ನು ಕೂಡಿದರೆ 46 ಬರುತ್ತದೆ. ಅವರ ಬೈಕಿನ ನಂಬರೂ 46. ತಂದೆ ಗ್ರಾಜಿಯಾನೊ ಅವರಿಂದ ಬಂದ ನಂಬರು. ಕೂಡಿಸಿ ಬಂದದ್ದು ಕಾಕತಾಳೀಯ, ಅಷ್ಟೆ.

ಪೆಟ್ರೋಲಿನ ಲೆಕ್ಕವೂ ಸ್ವಾರಸ್ಯದ್ದು. ರೇಸ್‌ಗೆ ಟ್ಯಾಂಕಿನಲ್ಲಿ ಎಷ್ಟಿರಬಹುದೆಂದು ನಿಯಮವೇ ಹೇಳುತ್ತದೆ: 990 ಸಿಸಿ ಆರಂಭವಾದಾಗ 24 ಲೀಟರ್, 2005ರಲ್ಲಿ 22, 800 ಸಿಸಿ ಬಂದ 2007ರಲ್ಲಿ 21, 2014ರಲ್ಲಿ ಕಂಪನಿ ತಂಡಗಳಿಗೆ 20, 2016ರಿಂದ ಮತ್ತೆ 22. ರೇಸಿನ ದೂರ ಸುಮಾರು 110ರಿಂದ 120 ಕಿ.ಮೀ., ಹೊತ್ತು ಮುಕ್ಕಾಲು ಗಂಟೆ. ಲೀಟರ್‌ಗೆ ಐದಾರು ಕಿ.ಮೀ. ಮೈಲೇಜ್ ಆಯಿತು. ನಮ್ಮ 100 ಸಿಸಿ ಬೈಕು 50ಕ್ಕೆ ಇಳಿದರೆ ಮೆಕ್ಯಾನಿಕ್ ಹತ್ತಿರ ಓಡುತ್ತೇವೆ.

ಕಳೆದುಕೊಂಡ ಪ್ರಶಸ್ತಿಗಳ ಬಾಬ್ತು ಇನ್ನೂ ಕಠಿಣ. 2006ರ ಕೊನೆಯ ರೇಸ್‌ಗೆ ಸ್ಪೇನಿನ ವೆಲೆನ್ಸಿಯಾಕ್ಕೆ ಬಂದಾಗ ರೊಸ್ಸಿ 244 ಅಂಕ, ಅಮೆರಿಕದ ನಿಕಿ ಹೇಡನ್ 236. ಹೇಡನ್ ಮೂರನೆಯವರಾಗಿ 16 ಅಂಕ ಪಡೆದು 252 ತಲುಪಿದರು. ರೊಸ್ಸಿಗೆ 8ನೇ ಸ್ಥಾನ ಸಾಕಿತ್ತು. ಅಂಕ ಸಮವಾದರೆ ಹೆಚ್ಚು ರೇಸ್ ಗೆದ್ದವರಿಗೆ ಪ್ರಶಸ್ತಿ, ಗೆಲುವು ರೊಸ್ಸಿಗೆ 5, ಹೇಡನ್‌ಗೆ 2. ಆದರೆ ಅವರು ಬಿದ್ದು, ಎದ್ದು, 13ನೆಯವರಾಗಿ ಮುಗಿಸಿದರು. ಸಿಕ್ಕಿದ್ದು 3 ಅಂಕ. 5 ಅಂಕದಿಂದ ಸೋಲು. 2015ರಲ್ಲಿ ಅದೇ ವೆಲೆನ್ಸಿಯಾಕ್ಕೆ ಹೊರ್ಹೆ ಲೊರೆಂಜೊ ಅವರಿಗಿಂತ 7 ಅಂಕ ಮುಂದಿದ್ದು ಬಂದರು. ಹಿಂದಿನ ರೇಸ್‌ನಲ್ಲಿ ಮಾರ್ಕ್ ಮಾರ್ಕೆಜ್ ಜೊತೆ ನಡೆದ ಘರ್ಷಣೆಗೆ ದಂಡವಾಗಿ ಕಟ್ಟಕಡೆಯ ಸಾಲಿನಿಂದ ಹೊರಡಬೇಕಾಯಿತು. 4ನೇ ಸ್ಥಾನದವರೆಗೆ ನುಗ್ಗಿ ಬಂದರು. ಬೇಕಿದ್ದದ್ದು 2ನೇ ಸ್ಥಾನ. ಲೊರೆಂಜೊ 330, ರೊಸ್ಸಿ 325. ಮತ್ತೆ ಅದೇ 5. ಎರಡೂ ಸಲ ಈ ಕೊರತೆಯಾಗದಿದ್ದರೆ ಇಂದು ನಾವು 11 ಪ್ರಶಸ್ತಿ ಎನ್ನುತ್ತಿದ್ದೆವು.

ಮೈಗೆ ಬಿದ್ದ ಪೆಟ್ಟಿಗೂ ದಿನಗಳ ಲೆಕ್ಕವಿದೆ. ಮೊದಲ ರೇಸ್‌ನಿಂದ 2010ರ ಮೇ ತಿಂಗಳವರೆಗೆ ಒಂದನ್ನೂ ತಪ್ಪಿಸದೆ 230 ರೇಸ್ ಓಡಿಸಿದ್ದರು. ಮುಜೆಲ್ಲೊದಲ್ಲಿ ಅಭ್ಯಾಸದ ವೇಳೆ ಬಿದ್ದು ಬಲಗಾಲಿನ ಮೂಳೆ ಮುರಿಯಿತು. 41 ದಿನಕ್ಕೆ ವಾಪಸ್ ಬಂದು ಜರ್ಮನಿಯಲ್ಲಿ 4ನೆಯವರಾದರು. 2017ರಲ್ಲಿ ಮತ್ತೆ ಕಾಲು ಮುರಿದಾಗ ತೆಗೆದುಕೊಂಡದ್ದು 22 ದಿನ. ಆಗ ವಯಸ್ಸು 38. ಕೋವಿಡ್‌ನಿಂದ ತಪ್ಪಿದ ಎರಡನ್ನೂ ಸೇರಿಸಿ 26 ಋತುಗಳಲ್ಲಿ ಅವರಿಲ್ಲದೆ ನಡೆದ ರೇಸ್‌ಗಳು 7. ಆದರೆ 2011ರ ಅಕ್ಟೋಬರ್ 23ರಂದು ಮಲೇಷ್ಯಾದಲ್ಲಿ ಆದದ್ದು ಯಾವ ಪಟ್ಟಿಗೂ ಸೇರುವಂಥದ್ದಲ್ಲ. ಬಿದ್ದ ಮಾರ್ಕೊ ಸಿಮೊನ್ಚೆಲ್ಲಿ ಅವರಿಗೆ ಹಿಂದಿನಿಂದ ಬಂದ ಎರಡು ಬೈಕುಗಳು ಬಡಿದು ಅವರು ಸತ್ತರು. ಅದರಲ್ಲಿ ಒಂದು ರೊಸ್ಸಿ ಅವರದ್ದು. ಸಿಮೊನ್ಚೆಲ್ಲಿಗೆ 24 ವರ್ಷ. ರೊಸ್ಸಿಯ ಆಪ್ತ ಗೆಳೆಯ.

ಹಣದ ವಿಷಯದಲ್ಲಿ ಸಂಬಳದ ಗಾಳಿಮಾತುಗಳನ್ನು ಬಿಟ್ಟು ಒಂದೇ ಬಾಬ್ತು ಹೇಳುತ್ತೇನೆ. ಲಂಡನ್ನಿನಲ್ಲಿ ನೆಲೆಸಿದ್ದ ಅವರಿಂದ 2007ರಲ್ಲಿ ಇಟಲಿಯ ತೆರಿಗೆ ಇಲಾಖೆ ಕೇಳಿದ್ದು 11.2 ಕೋಟಿ ಯೂರೊ. 2008ರ ಫೆಬ್ರವರಿಯಲ್ಲಿ ವ್ಯಾಜ್ಯ ಸುಮಾರು 3.5 ಕೋಟಿ ಯೂರೊಗೆ ಇತ್ಯರ್ಥವಾಯಿತು. ಆಗಿನ ದರದಲ್ಲಿ ಹತ್ತಿರ ಹತ್ತಿರ 200 ಕೋಟಿ ರೂಪಾಯಿ.

ಎರಡನೇ ಭಾಗದ ಕಥೆ ಬೇಗ ಮುಗಿಯುತ್ತದೆ. 2011 ಮತ್ತು 2012ರಲ್ಲಿ ಡುಕಾಟಿಗೆ 35 ರೇಸ್, 3 ಪೋಡಿಯಂ, ಗೆಲುವಿಲ್ಲ. ಯಮಾಹಾಕ್ಕೆ ಮರಳಿ 10 ಗೆಲುವು. ಕೊನೆಯದು 2017ರ ಜೂನ್‌ನಲ್ಲಿ ಆಸೆನ್‌ನಲ್ಲಿ, 0.063 ಸೆಕೆಂಡಿನಿಂದ. ಆಮೇಲೆ 76 ರೇಸ್ ಬರಿಗೈ. ಅಗ್ರ ವಿಭಾಗದ ಪೋಡಿಯಂ 199ಕ್ಕೇ ನಿಂತಿತು. 2021ರಲ್ಲಿ 44 ಅಂಕ, 18ನೇ ಸ್ಥಾನ. ಇಷ್ಟು ದಿನ ಉಳಿಯಬಾರದಿತ್ತು ಎನ್ನುವವರಿದ್ದಾರೆ. ಆದರೆ 36ನೇ ವಯಸ್ಸಿನಲ್ಲಿ 5 ಅಂಕದ ಸನಿಹಕ್ಕೆ ಬಂದ 2015 ಇರುವುದೂ ಈ ಎರಡನೇ ಭಾಗದಲ್ಲೇ. ಅವರು ಕಟ್ಟಿದ ವಿಆರ್46 ತಂಡಕ್ಕೆ 2023ರ ಸೆಪ್ಟೆಂಬರ್ 24ರಂದು ನೋಯ್ಡಾ ಬಳಿಯ ಬುದ್ಧ ಸರ್ಕೀಟ್‌ನಲ್ಲಿ ಮಾರ್ಕೊ ಬೆಜೆಕಿ ಗೆಲುವು ತಂದುಕೊಟ್ಟರು.

ರೊಸ್ಸಿಯ ಒಟ್ಟು 115 ಗೆಲುವಿಗಿಂತ ಮೇಲಿರುವುದು ಜಾಕೊಮೊ ಅಗೊಸ್ಟಿನಿ ಅವರ 122 ಮಾತ್ರ. ಅವರು ಒಂದೇ ಋತುವಿನಲ್ಲಿ 350 ಮತ್ತು 500 ಸಿಸಿ ಎರಡನ್ನೂ ಓಡಿಸುತ್ತಿದ್ದರು. ಹೋಂಡಾ ಹಿಂದೆ ಸರಿದ ಮೇಲೆ, 1968ರಲ್ಲಿ ಎರಡೂ ವಿಭಾಗ ಸೇರಿ 17ಕ್ಕೆ 17 ಗೆದ್ದರು. 500 ಸಿಸಿಯದ್ದನ್ನೇ ತೆಗೆದುಕೊಂಡರೆ ಅಗೊಸ್ಟಿನಿ 68, ಅಗ್ರ ವಿಭಾಗದಲ್ಲಿ ರೊಸ್ಸಿ 89. ಹೋಲಿಸಬೇಕಾದದ್ದು ಇದನ್ನು. ಮಾರ್ಕೆಜ್ 2025ರಲ್ಲಿ 9ನೇ ಪ್ರಶಸ್ತಿ ಗೆದ್ದು ರೊಸ್ಸಿಗೆ ಸಮನಾದರು; ಅಗ್ರ ವಿಭಾಗದಲ್ಲಿ ಅವರ ಗೆಲುವು 73ಕ್ಕೆ ಬಂತು. 89 ಮುಟ್ಟಲು, 33 ತುಂಬಿದ ಮೇಲೆ ಅವರು ಇನ್ನೂ 16 ಗೆಲ್ಲಬೇಕು. ಆ ವಯಸ್ಸು ದಾಟಿದ ಮೇಲೆ ರೊಸ್ಸಿ ಗೆದ್ದದ್ದು 10.