ಪತ್ತೇದಾರಿ ಸಾಹಿತ್ಯದಲ್ಲಿ ಅಗ್ರಸ್ಥಾನ ಯಾರಿಗೆ?

ಅಪರಾಧ ಕಥನಗಳ ಶ್ರೇಷ್ಠತೆಯನ್ನು ಅಳೆದು ಕ್ರಮಾಂಕ ನೀಡುವ ಪ್ರಯತ್ನಗಳು ಪಶ್ಚಿಮದಲ್ಲಿ ಹಲವು ಬಾರಿ ನಡೆದಿವೆಯಾದರೂ ಅಲ್ಲಿ ಒಮ್ಮತ ಮೂಡಿಲ್ಲ. ಬ್ರಿಟನ್ನಿನ ಅಪರಾಧ ಕಥೆಗಾರರ ಸಂಘ 1990ರಲ್ಲಿ ಪ್ರಕಟಿಸಿದ ನೂರು ಕೃತಿಗಳ ಪಟ್ಟಿಯಲ್ಲಿ ಜೋಸೆಫೀನ್ ಟೇ ಅವರ ‘ದಿ ಡಾಟರ್ ಆಫ್ ಟೈಮ್’ ಮೊದಲನೆಯದಾದರೆ, 1995ರ ಅಮೆರಿಕದ ಪಟ್ಟಿಯಲ್ಲಿ ಆ ಸ್ಥಾನ ಷರ್ಲಾಕ್ ಹೋಮ್ಸ್ ಕಥೆಗಳಿಗೆ ಸಂದಿತು. ಕನ್ನಡದ ಲೇಖಕರನ್ನು ಹೀಗೆ ತೂಗಬೇಕಾದರೆ ಅಳತೆಗೋಲನ್ನು ಹೊರಗಿನಿಂದ ತರುವ ಅಗತ್ಯವಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನೆಲದಲ್ಲಿಯೇ ಅದು ದೊರೆಯುತ್ತದೆ.

ಈ ಪ್ರದೇಶದಲ್ಲಿ ಅಚ್ಚಿನ ಪುಸ್ತಕ ಬರುವುದಕ್ಕೆ ಬಹಳ ಮೊದಲೇ ಅಪರಾಧ ಕಥನವಿತ್ತು. ದೈವಗಳ ಹುಟ್ಟು, ಬಾಳು, ಅಳಿವುಗಳನ್ನು ಹೇಳುವ ತುಳು ಹಾಡುಗಬ್ಬವಾದ ಪಾಡ್ದನದಲ್ಲಿ ಕಲ್ಕುಡನೆಂಬ ಶಿಲ್ಪಿಯ ಕಥೆಯಿದೆ. ಕಾರ್ಕಳದಲ್ಲಿ ಗೊಮ್ಮಟನನ್ನು ಕಡೆದ ಅವನು ಅಂಥ ಮೂರ್ತಿಯನ್ನು ಬೇರೆಲ್ಲಿಯೂ ಮಾಡಬಾರದೆಂದು ಅರಸ ಅವನ ಎಡಗೈ, ಬಲಗಾಲುಗಳನ್ನು ಕಡಿಸುತ್ತಾನೆ. ಉಳಿದ ಒಂದು ಕೈ, ಒಂದು ಕಾಲಿನಿಂದಲೇ ಅವನು ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಮತ್ತೊಂದು ಗೊಮ್ಮಟನನ್ನು ನಿಲ್ಲಿಸುತ್ತಾನೆ. ಅಣ್ಣನಿಗಾದ ಅನ್ಯಾಯಕ್ಕೆ ತಂಗಿ ಕಲ್ಲುರ್ಟಿ ದೈವವಾಗಿ ಸೇಡು ತೀರಿಸಿಕೊಳ್ಳುತ್ತಾಳೆ. ಬಂಟ್ವಾಳ ತಾಲೂಕಿನ ಪಣೋಲಿಬೈಲಿನಲ್ಲಿ ಇಂದಿಗೂ ಕಲ್ಲುರ್ಟಿಗೆ ಸೇವೆ ಸಲ್ಲುತ್ತದೆ. ಕಾರ್ಕಳದ ಮೂರ್ತಿ 1432ರದು, ವೇಣೂರಿನದು 1604ರದು ಆದುದರಿಂದ ಇದನ್ನು ಇತಿಹಾಸವೆಂದು ಓದಲಾಗದು. ಆದರೆ ಅಪರಾಧಿ ಯಾರೆಂಬುದು ಎಲ್ಲರಿಗೂ ಗೊತ್ತಿರುವ ಈ ಕಥೆ, ಅಧಿಕಾರದಲ್ಲಿರುವವನೇ ತಪ್ಪಿತಸ್ಥನಾದಾಗ ನ್ಯಾಯ ಕೇಳುವುದು ಯಾರಲ್ಲಿ ಎಂಬ ಪ್ರಶ್ನೆಯನ್ನು ಎತ್ತುತ್ತದೆ.

1841ರಲ್ಲಿ ಎಡ್ಗರ್ ಅಲನ್ ಪೋ ಬರೆದ ಕಥೆಯಿಂದ ರೂಪುಗೊಂಡ ಪತ್ತೇದಾರಿ ಪ್ರಕಾರದ ದಾರಿ ಬೇರೆ. ಇಲ್ಲಿ ತಪ್ಪಿತಸ್ಥನನ್ನು ಕೊನೆಯವರೆಗೂ ಮರೆಯಲ್ಲಿಟ್ಟು, ಸುಳಿವುಗಳ ಜಾಡು ಹಿಡಿದು ಪತ್ತೇದಾರ ಅವನನ್ನು ಗುರುತಿಸುತ್ತಾನೆ. ಈ ಪ್ರಕಾರವನ್ನು ಕನ್ನಡದ ಸಾಮಾನ್ಯ ಓದುಗರ ಕೈಗೆ ತಲುಪಿಸಿದವರಲ್ಲಿ ಎನ್. ನರಸಿಂಹಯ್ಯನವರು ಪ್ರಮುಖರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಅವರು ‘ಪತ್ತೇದಾರ ಪುರುಷೋತ್ತಮ’ನಿಂದ ಮೊದಲುಗೊಂಡು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು, ಸರಳ ವಾಕ್ಯ ಮತ್ತು ಅಗ್ಗದ ಬೆಲೆಯ ಬಲದಿಂದ ಅಕ್ಷರವನ್ನಷ್ಟೇ ಕಲಿತಿದ್ದವರನ್ನೂ ಓದುಗರನ್ನಾಗಿಸಿದರು. ವಿಮರ್ಶಕರು ಅವರನ್ನು ಬಹುಕಾಲ ಗಮನಿಸದೆ ಹೋದುದು ಕನ್ನಡಕ್ಕೆ ಶೋಭೆ ತರುವ ಸಂಗತಿಯಲ್ಲ. ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ಬರೆದರು. ‘ಬಂಗಾರದ ಮನುಷ್ಯ’ದ ಟಿ.ಕೆ. ರಾಮರಾಯರು ಈ ಪ್ರಕಾರಕ್ಕೆ ಹದವಾದ ಗದ್ಯವನ್ನು ತಂದರು.

ಪಾಡ್ದನದ ಪ್ರಶ್ನೆಯನ್ನು ಮುಂದಿಟ್ಟರೆ ಮಾತ್ರ ಕ್ರಮ ಬದಲಾಗುತ್ತದೆ. 1981ರಲ್ಲಿ ಚಲನಚಿತ್ರವಾದ, ಎಚ್.ಕೆ. ಅನಂತರಾಯರ ‘ಅಂತ’ದಲ್ಲಿ ಅಪರಾಧ ಆಳುವವರ ಕೋಣೆಯಲ್ಲಿಯೇ ಬೇರೂರಿದೆ. ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ (1994) ಇನ್ನೂ ಆಳಕ್ಕಿಳಿಯುತ್ತದೆ: ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ದಂಪತಿ ಒಂದು ದಿನದ ಅವಧಿಯೊಳಗೆ ಕಾಡಿನ ಕಳ್ಳದಂಧೆಗಳ ಸುಳಿಗೆ ಸಿಲುಕುತ್ತಾರೆ. ಬೆಳ್ತಂಗಡಿಯ ಗಡಿಯಿಂದ ಚಾರ್ಮಾಡಿ ಘಾಟಿ ಹತ್ತಿದರೆ ಸಿಗುವ ಮೂಡಿಗೆರೆಯ ಸೀಮೆಯಲ್ಲಿ ಬಾಳಿದ ಲೇಖಕರು ಬರೆದ ಆ ಮಂಜು, ತಿರುವು, ಕಾಡುಗಳು ಈ ಭಾಗದ ಓದುಗರಿಗೆ ಕಂಡು ಅರಿತವು. ಓದುಗರನ್ನು ಸೃಷ್ಟಿಸಿದ ಹಿರಿಮೆಯಲ್ಲಿ ನರಸಿಂಹಯ್ಯನವರೇ ಮೊದಲಿಗರು. ಒಂದೇ ಕೃತಿಯನ್ನು ಆರಿಸಬೇಕಾದರೆ ‘ಜುಗಾರಿ ಕ್ರಾಸ್’ಗೆ ಅಗ್ರಸ್ಥಾನ ಸಲ್ಲಬೇಕು.

ಮೂಡುಬಿದಿರೆಯ ಜೈನ ಭಂಡಾರಗಳು ತಾಳೆಗರಿಯ ಗ್ರಂಥಗಳನ್ನು ಶತಮಾನಗಳ ಕಾಲ ಕಾಪಾಡಿವೆ. ನರಸಿಂಹಯ್ಯನವರ ಪುಸ್ತಕಗಳ ಕಾಗದಕ್ಕೆ ಅಷ್ಟು ಆಯುಸ್ಸಿಲ್ಲವಾದುದರಿಂದ, ಮನೆಯ ಅಟ್ಟದಲ್ಲಿ ಅವು ಉಳಿದಿದ್ದರೆ ರದ್ದಿಗೆ ಹಾಕದೆ ಸಮೀಪದ ಗ್ರಂಥಾಲಯಕ್ಕೆ ಒಪ್ಪಿಸುವುದು ಓದುಗರಿಂದ ಆಗಬೇಕಾದ ಕೆಲಸ.